ಅಂಬಾಬಾಯಿ ಅಳಿಸಿದ ಚಿಹ್ನೆ

ಕಮರಿಪೇಟೆಯ ಅಂಬಾಬಾಯಿ ಗೊತ್ತಿಲ್ಲದ ವಕೀಲರು ಹುಬ್ಬಳ್ಳಿಯಲ್ಲಿ ಕಡಿಮೆ. ಮೂವತ್ತು ವರ್ಷ ಆಕೆ ಹಳೇ ಕೋರ್ಟಿನ ಕಂಪೌಂಡ್ ಗೋಡೆಗೆ ಬೆನ್ನು ಹಚ್ಚಿ ಕೂತು ಕನ್ನಡ ಟೈಪ್‌ರೈಟರ್ ಬಡಿದವಳು. ಗಂಡ ತೀರಿಕೊಂಡಾಗ ಆಕೆಗೆ ಇಪ್ಪತ್ತಾರು. ಅಪ್ಪನ ಸಾವಜಿ ಖಾನಾವಳಿಯಲ್ಲಿ ಮಸಾಲೆ ಅರೆಯುತ್ತ ಆಯುಷ್ಯ ಕಳೆಯುವುದು ಬೇಡವೆಂದು ಟೈಪಿಂಗ್ ಪರೀಕ್ಷೆ ಕಟ್ಟಿ, ಮೊದಲ ಸಲಕ್ಕೇ ಪಾಸಾಗಿ, ಗಂಡಸರ ಸಾಲಿನಲ್ಲಿ ಒಬ್ಬಳೇ ಹೆಂಗಸಾಗಿ ಬಂದು ಕೂತಳು. ಸಾವಜಿ ಜನ ಮನೆಯೊಳಗೆ ಆಡುವುದು ಬೇರೆ ಮಾತು. ಕನ್ನಡ ಆಕೆ ಓಣಿಯಲ್ಲಿ, ಸಾಲಿಯಲ್ಲಿ ಕಲಿತದ್ದು. ಅದಕ್ಕೇ ಏನೋ, ಹುಟ್ಟಿನಿಂದ ಕನ್ನಡವನ್ನೇ ಆಡಿದವರಿಗಿಂತ ಆಕೆ ಅದನ್ನು ಹೆಚ್ಚು ಕಿವಿಗೊಟ್ಟು ಕೇಳುತ್ತಿದ್ದಳು. ಕಕ್ಷಿದಾರ ಅಳುತ್ತ, ತಡವರಿಸುತ್ತ ಹೇಳಿದ್ದು ಆಕೆಯ ಕಾಗದದ ಮೇಲೆ ಬಂದಾಗ ಒಂದು ಕೊಂಬು, ಒಂದು ದೀರ್ಘ ತಪ್ಪುತ್ತಿರಲಿಲ್ಲ. ‘ಅಂಬಾಬಾಯಿ ಹೊಡದ ಕಾಗದ ಮತ್ತೊಮ್ಮೆ ಓದೂದು ಬ್ಯಾಡ’ ಎಂದು ಗುಮಾಸ್ತರು ಅನ್ನುವುದನ್ನು ಕೇಳಿ ಆಕೆಗೆ ಒಳಗೊಳಗೇ ಹೆಮ್ಮೆ.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಕಂಪ್ಯೂಟರ್ ಬಂದ ಮೇಲೆ ವಕೀಲರ ಆಫೀಸಿನಲ್ಲೇ ಟೈಪಿಂಗ್ ಆಗತೊಡಗಿತು. ಹೊಸ ಕೋರ್ಟು ಕಟ್ಟಡಕ್ಕೆ ಎಲ್ಲರೂ ಹೋದಾಗ ಗೋಡೆಯ ಸಾಲೇ ಚದುರಿತು. ಅಂಬಾಬಾಯಿ ಸುಮ್ಮನೆ ಕೂಡಲಿಲ್ಲ. ಧಾರವಾಡದ ಕೆಲವು ಹುಡುಗರು ಮೊಬೈಲಿನಲ್ಲಿ ನಗೆಯ ವಿಡಿಯೋ ಮಾಡಿ ಬಿಡುತ್ತಿದ್ದರು. ಅವುಗಳ ಕೆಳಗೆ ಕನ್ನಡ ಅಕ್ಷರ ಕೂಡಿಸುವ ಕೆಲಸವನ್ನು ಐವತ್ತೆಂಟನೇ ವಯಸ್ಸಿನಲ್ಲಿ ಕಲಿತಳು. ಆ ಹುಡುಗರು ಒಂದು ಗುಟ್ಟು ಹೇಳಿಕೊಟ್ಟಿದ್ದರು: ಅಕ್ಷರ ಮಾತಿಗಿಂತ ಅರ್ಧ ಕ್ಷಣ ಮುಂಚೆ ಬರಬೇಕು. ಓದಿದ ಮೇಲೆ ಕೇಳಿದರೆ ಮಾತು ಎಷ್ಟೇ ಅಸ್ಪಷ್ಟವಿದ್ದರೂ ಮಂದಿಗೆ ಸ್ಪಷ್ಟ ಕೇಳಿಸುತ್ತದೆ. ಅಂಬಾಬಾಯಿಗೆ ಅದು ಕೈಗೆ ಹತ್ತಿತು.

ರಾಜಶೇಖರ ವಕೀಲರು ಆಕೆಯನ್ನು ಹುಡುಕಿಕೊಂಡು ಬಂದದ್ದು ಇದೇ ಕೆಲಸಕ್ಕೆ. ಇಪ್ಪತ್ತೈದು ವರ್ಷ ಅವರ ಕಾಗದಗಳೆಲ್ಲ ಆಕೆಯ ಕೈಯಲ್ಲೇ ಆಗಿದ್ದವು. ಮನೆಗೇ ಬಂದು, ಪೆನ್‌ಡ್ರೈವ್ ಮೇಜಿನ ಮೇಲಿಟ್ಟು ಹೇಳಿದರು.

“ಬಾಯಾರ, ಈಗ ಕೋರ್ಟಿನ್ಯಾಗ ದೊಡ್ಡ ಪರದೆ ಹಾಕ್ಯಾರ. ಬರೇ ಬಾಯಿಲೆ ಹೇಳಿದ್ರ ಮುಗೀಲಿಲ್ಲ, ಕಣ್ಣಿಗೆ ಕಾಣಸಬೇಕು. ಇದಕ್ಕ ಛಲೋತ್ನ್ಯಾಗ ಅಕ್ಷರ ಹಾಕಿ ಕೊಡ್ರಿ.”

ಪ್ರಕರಣ ಇಷ್ಟು. ದುರ್ಗದಬೈಲಿನ ಒಂದು ಸೀರೆ ಅಂಗಡಿಯಲ್ಲಿ ದೇವಕ್ಕ ಎಂಬ ಹೆಂಗಸು ಹದಿನಾಲ್ಕು ವರ್ಷ ಕೆಲಸಕ್ಕಿದ್ದಳು. ಗಿರಾಕಿಗಳು ಹರವಿ ಹೋದ ಸೀರೆಗಳನ್ನು ಮಡಚಿ ಕಪಾಟಿಗೆ ಸೇರಿಸುವುದು ಆಕೆಯ ಕೆಲಸ. ಒಂದು ದಿನ ಎರಡು ರೇಷ್ಮೆ ಸೀರೆ ಕಾಣಲಿಲ್ಲ. ಮಾಲೀಕರು ಆಕೆಯನ್ನು ಒಳಕೋಣೆಗೆ ಕರೆದು ವಿಚಾರಿಸಿ, ಕೆಲಸ ಬಿಡಿಸಿದರು. ತನ್ನನ್ನು ತೆಗೆದದ್ದು ಅನ್ಯಾಯವೆಂದು ದೇವಕ್ಕ ಕೋರ್ಟಿಗೆ ಹೋಗಿದ್ದಳು. ವಿಚಾರಿಸುವಾಗ ಮಾಲೀಕರು ಮೊಬೈಲಿನಲ್ಲಿ ಮಾಡಿಕೊಂಡ ರೆಕಾರ್ಡಿಂಗೇ ಅವರ ಕಡೆಯ ದೊಡ್ಡ ಸಾಕ್ಷಿ. ರಾಜಶೇಖರರು ಮಾಲೀಕರ ಪರ.

ಬರೀ ನಲವತ್ತು ಸೆಕೆಂಡು. ಮುಖ ಕಾಣುವುದಿಲ್ಲ, ಮಡಚಿಟ್ಟ ಸೀರೆಗಳ ರಾಶಿ ಮಾತ್ರ. ಫ್ಯಾನಿನ ಗರಗರ, ಬೀದಿಯ ಆಟೋ ಹಾರ್ನು, ಅದರ ನಡುವೆ ಮಾಲೀಕರ ದನಿ: “ಸೀರಿ ಎಲ್ಲಿ ಹೋದವು, ಖರೇ ಹೇಳು.” ಆಮೇಲೆ ಹೆಂಗಸಿನ ದನಿ: “ನಾ ತಗೊಂಡೇನ್ರಿ. ಹದಿನಾಕ ವರ್ಷ ನಿಮ್ಮ ಅನ್ನ ಉಂಡೇನ್ರಿ.” ಮುಂದೆ ಅಳು.

‘ನಾ ತಗೊಂಡೇನ್ರಿ’. ನಮ್ಮ ಕಡೆಯ ಮಾತಿನಲ್ಲಿ ಇದನ್ನು ಸಪಾಟಾಗಿ ಅಂದರೆ ತೆಗೆದುಕೊಂಡಿದ್ದೇನೆ ಎಂಬ ಒಪ್ಪಿಗೆ. ಅದನ್ನೇ ಕೊನೆಗೆ ಒಂಚೂರು ಎತ್ತಿ ಅಂದರೆ, ನಾನು ತೆಗೆದುಕೊಂಡಿದ್ದೇನೆಯೇ, ನನ್ನ ಮೇಲೆ ಇಂಥ ಮಾತೇ ಎಂದು ಎದೆ ಒಡೆದು ಕೇಳಿದಂತೆ. ಅಕ್ಷರ ಎರಡಕ್ಕೂ ಒಂದೇ. ಅಂಬಾಬಾಯಿ ಮೊದಲ ಸಲ ಕಿವಿಗೆ ಹೆಡ್‌ಫೋನ್ ಹಚ್ಚಿ ಕೇಳಿದಾಗ ಹಾರ್ನಿನ ಅಡಿಯಲ್ಲಿ ದನಿ ಹಾಗೆ ಎತ್ತಿದ್ದು ಆಕೆಗೆ ಕೇಳಿಸಿತು. ಯೋಚಿಸದೆಯೇ ಪ್ರಶ್ನಾರ್ಥಕ ಚಿಹ್ನೆ ಒತ್ತಿದಳು.

ಮರುದಿನ ವಕೀಲರು ನೋಡಿದರು.

“ಇದೇನ್ರಿ ಬಾಯಾರ, ಪ್ರಶ್ನಿ ಯಾಕ ಹಾಕೀರಿ?”

“ಆಕಿ ಕೇಳಾಕತ್ತಾಳಲ್ರಿ.”

“ಆಕಿ ಒಪ್ಪಿ ಅಳಾಕತ್ತಾಳ. ನನಗೇನೂ ಪ್ರಶ್ನಿ ಕೇಳಸಲಿಲ್ಲ ನೋಡ್ರಿ. ಚಿಹ್ನಿ ಬಾಯಾಗ ಇರ್ತೈತೇನು? ಕಿವಿಗೆ ಬಿದ್ದಷ್ಟ ಅಕ್ಷರ ಹಾಕ್ರಿ, ಚಿಹ್ನಿ ತಗೀರಿ. ಆ ಫ್ಯಾನಿನ ಸಪ್ಪಳಾನೂ ಸ್ವಲ್ಪ ಕಡಿಮಿ ಮಾಡ್ರಿ.”

ಅವರ ದನಿಯಲ್ಲಿ ಮೋಸವಿರಲಿಲ್ಲ. ಅವರಿಗೆ ನಿಜವಾಗಿ ಹಾಗೇ ಕೇಳಿಸಿತ್ತು. ಅಂಬಾಬಾಯಿ ಕೀಲಿಯ ಮೇಲೆ ಬೆರಳಿಟ್ಟಳು, ಚಿಹ್ನೆ ಹೋಯಿತು. ಸಪ್ಪಳ ತೆಗೆಯುವ ಸಾಫ್ಟ್‌ವೇರ್ ಹಾಕಿದಾಗ ಫ್ಯಾನಿನ ಗರಗರದ ಜೊತೆ ದೇವಕ್ಕನ ದನಿಯ ಏರಿಳಿತವೂ ಅರ್ಧ ಹೋಯಿತು. ಹಳದಿ ಅಕ್ಷರಗಳನ್ನು ರೂಢಿಯಂತೆ ಅರ್ಧ ಕ್ಷಣ ಮುಂಚೆ ತಂದು ಕೂಡಿಸಿದಳು. ಎಲ್ಲ ಮುಗಿಸಿ ನೋಡಿದಾಗ ಸ್ವತಃ ಆಕೆಗೇ ಒಪ್ಪಿಗೆ ಕೇಳಿಸಿತು. ‘ನನಗ ತಪ್ಪಿತ್ತು’ ಅಂದುಕೊಂಡು ಸಮಾಧಾನ ಮಾಡಿಕೊಂಡಳು.

ಪರದೆಗೆ ಹಚ್ಚಲು ವಕೀಲರು ಆಕೆಯನ್ನೇ ಕೋರ್ಟಿಗೆ ಕರೆದೊಯ್ದರು. ದೇವಕ್ಕನನ್ನು ಅಂಬಾಬಾಯಿ ಮೊದಲು ನೋಡಿದ್ದು ಅಲ್ಲಿ. ನಲವತ್ತೈದರ ಸುಮಾರಿನ ತೆಳ್ಳಗಿನ ಹೆಂಗಸು, ಸೆರಗು ತಲೆ ಮೇಲೆ, ಸಾಕ್ಷಿ ಕಟ್ಟೆಯ ಕಟಕಟೆ ಹಿಡಿದು ನಿಂತಿದ್ದಳು. ಆಕೆಯ ಪರ ಸೌಂದರ್ಯಾ ಎಂಬ ಎಳೇ ವಯಸ್ಸಿನ ವಕೀಲೆ.

ವಿಡಿಯೋ ಓಡಿತು. ಹಳದಿ ಅಕ್ಷರ ಮೂಡಿದವು: ನಾ ತಗೊಂಡೇನ್ರಿ. ಆಮೇಲೆ ದನಿ ಬಂತು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ತಲೆಯಾಡಿಸಿದರು. ಸೌಂದರ್ಯಾಳ ಮುಖ ಸಣ್ಣದಾಯಿತು. ಕಕ್ಷಿದಾರಳು ತನಗೆ ಹೇಳದೆ ಮುಚ್ಚಿಟ್ಟಿದ್ದಳೆಂದು ಆಕೆಗೆ ಅನಿಸಿರಬೇಕು. ಕೋರ್ಟಿನ ಟೈಪಿಸ್ಟ್ ಕಿವಿಯಿಂದ ಕೇಳುವುದು ಬಿಟ್ಟು ಪರದೆ ನೋಡಿ ಬೆರಳಾಡಿಸುತ್ತಿದ್ದ.

ಓದಲು ಬಾರದವಳು ಅಲ್ಲಿ ಒಬ್ಬಳೇ ಇದ್ದಳು, ದೇವಕ್ಕ. ಹಳದಿ ಗೆರೆಗಳು ಆಕೆಗೆ ಏನನ್ನೂ ಹೇಳಲಿಲ್ಲ. ತನ್ನ ದನಿ ಕೇಳಿ ಆಕೆಯ ಮುಖ ಅರಳಿತು.

“ಇದು ನಿಮ್ಮ ದನಿನ ಏನು?” ರಾಜಶೇಖರರು ಕೇಳಿದರು.

“ಹೌದ್ರಿ, ನಂದ ದನಿ. ಕೇಳಿದ್ರಲ್ರಿ ಸಾಹೇಬ್ರ, ಅವತ್ತ ಅಂದೇನ್ರಿ ನಾ. ಇವತ್ತೂ ಅದನ್ನ ಅಂತೇನಿ.”

ಟೈಪಿಸ್ಟ್ ಅದನ್ನೂ ಹೊಡೆದ. ‘ಸದರಿ ಮಾತು ತನ್ನದೇ ಎಂದು ಒಪ್ಪಿಕೊಂಡಿದ್ದಾರೆ.’ ದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಕಡೆಗೂ ನನ್ನ ಮಾತು ಕೇಳಿದರು ಎಂಬ ನೆಮ್ಮದಿಯಿಂದ ಕೆಳಗಿಳಿದಳು. ಅಂಬಾಬಾಯಿ ಲ್ಯಾಪ್‌ಟಾಪ್ ಮುಚ್ಚಿದಳು. ಆ ಮುಖ ನೋಡಿದ ಮೇಲೆ ಆಕೆಗೆ ಸಂಶಯ ಉಳಿಯಲಿಲ್ಲ. ತಾನು ಮೊದಲ ಸಲ ಕೇಳಿದ್ದೇ ಖರೆ.

ಆಗಲೇ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಸಂಜೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿದಳು. ಇಪ್ಪತ್ತೈದು ವರ್ಷದ ವಕೀಲರು, ಅವರ ಮುಖಕ್ಕೆ ಹೇಗೆ ಹೇಳುವುದು? ಮೂವತ್ತು ವರ್ಷದ ಹೆಸರು, ಅದನ್ನು ಕೈಯಾರೆ ಹೇಗೆ ಕೆಡಿಸಿಕೊಳ್ಳುವುದು? ಒಂದು ದಿನ ನಾದಿನಿ ತಾರಾಬಾಯಿ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಾಗ ಅಂಬಾಬಾಯಿ ಮೂಲ ರೆಕಾರ್ಡಿಂಗ್ ಹಚ್ಚಿದಳು. ತಾರಾಬಾಯಿ ಕೈಯ ಚಮಚ ನಿಲ್ಲಿಸಿ ಅಂದಳು: “ಯಾರಿಕಿ? ಪಾಪ, ಯಾರೋ ಸುಳ್ಳ ಸುಳ್ಳ ಕಳ್ಳತನ ಹೊರಸಾಕತ್ತಾರಲ್ಲ.” ಅಕ್ಷರ ಹಾಕಿದ್ದನ್ನು ತೋರಿಸಿದಾಗ ಅದೇ ತಾರಾಬಾಯಿ ಮುಖ ಗಂಟಿಕ್ಕಿದಳು. “ಅಯ್ಯ, ತಗೊಂಡೇನಿ ಅಂತ ಬಾಯಿಬಿಟ್ಟಾಳಲ್ಲ!”

ಅಂಬಾಬಾಯಿ ಆ ದಿನ ಊಟ ಮಾಡಲಿಲ್ಲ. ಆದರೂ ವಕೀಲರಿಗೆ ಫೋನು ಮಾಡಲಿಲ್ಲ. ಮೂರು ವಾರದ ಮೇಲೆ ಆದೇಶ ಬಂತು. ಕೆಲಸದಿಂದ ತೆಗೆದದ್ದು ಸರಿ, ಆಕೆ ಸ್ವತಃ ಒಪ್ಪಿಕೊಂಡಿದ್ದಾಳೆ ಎಂದು. ಅದಕ್ಕಿಂತ ಮುಂಚೆಯೇ ವಿಡಿಯೋ ಅಂಗಡಿಯವರ ವಾಟ್ಸ್ಯಾಪ್ ಗುಂಪುಗಳಲ್ಲಿ ಹರಿದಾಡಿತ್ತು. ಹಳದಿ ಅಕ್ಷರ ಎಷ್ಟು ಚೆಂದ ಕಾಣುತ್ತವೆಂದು ಪರಿಚಯದ ಒಬ್ಬ ಆದೇಶದ ಮರುದಿನ ಅಂಬಾಬಾಯಿಗೇ ಅದನ್ನು ಕಳಿಸಿದ. ಆ ದಿನ ಆಕೆ ಬಸ್ಸು ಹತ್ತಿದಳು.

ದೇವಕ್ಕನ ಮನೆ ಬೈರಿದೇವರಕೊಪ್ಪದ ಒಂದು ಒಳಓಣಿಯಲ್ಲಿತ್ತು. ಯಾವ ಅಂಗಡಿಯವರೂ ಕೆಲಸ ಕೊಡದೆ, ಆಕೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರತೊಡಗಿದ್ದಳು. ಬಂದವಳು ಗಿರಾಕಿಯೆಂದು ತಿಳಿದು, “ಬರ್ರಿ ಬಾಯಾರ, ಎಷ್ಟ ಬೇಕ್ರಿ?” ಎಂದಳು.

ಅಂಬಾಬಾಯಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಚಿಹ್ನೆ ಹಾಕಿದ್ದು, ಅಳಿಸಿದ್ದು, ದನಿ ಸಪಾಟು ಮಾಡಿದ್ದು, ಅಕ್ಷರ ಮುಂಚೆ ತಂದದ್ದು. ದೇವಕ್ಕನಿಗೆ ಬಹಳ ಹೊತ್ತು ತಿಳಿಯಲಿಲ್ಲ.

“ನನ್ನ ದನಿ ನಾನ ಕೇಳೇನಲ್ರಿ. ಸರಿ ಇತ್ತಲ್ರಿ ಅದು?”

“ದನಿ ಸರಿ ಇತ್ತವ್ವ. ಕೆಳಗ ನಾ ಬರದದ್ದು ಸರಿ ಇರಲಿಲ್ಲ. ಎಲ್ಲಾರೂ ಅದನ್ನ ಓದಿದ್ರು.”

ದೇವಕ್ಕನ ಕೈ ಹಿಟ್ಟಿನ ಮೇಲೆ ನಿಂತಿತು. “ಅಂದ್ರ, ನಾ ಹೌದ್ರಿ ಅಂದದ್ದು… ಅದಕ್ಕ ಹೌದ್ರಿ ಅಂದಂಗ ಆತೇನ್ರಿ?”

“ಹೂಂ.”

“ನೀವು ಅಲ್ಲೇ ಇದ್ರೇನ್ರಿ ಅವತ್ತ?”

“ಇದ್ನೆವ್ವ.”

ದೇವಕ್ಕ ಬೈಯಲಿಲ್ಲ. ಅಳಲೂ ಇಲ್ಲ. ತವೆಯ ಮೇಲೆ ಕರಕಾಗುತ್ತಿದ್ದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, ಮತ್ತೊಂದು ಉಂಡೆ ಹಿಡಿದು ಬಡಿಯಲು ಶುರು ಮಾಡಿದಳು. ಅಂಬಾಬಾಯಿ ತಾನು ಇನ್ನೂ ಅಲ್ಲಿರಬಹುದೋ ಇರಬಾರದೋ ತಿಳಿಯದೆ ನಿಂತಳು. ಹೊರಡುವಾಗ ದೇವಕ್ಕ ತಲೆ ಎತ್ತದೆಯೇ ಕೇಳಿದಳು: “ಇದನ್ನ ಅಲ್ಲಿ ಬಂದು ಹೇಳ್ತೀರೇನ್ರಿ?”

“ಹೇಳ್ತೇನಿ.”

ಹೇಳಿದಳು. ಸೌಂದರ್ಯಾಳ ಆಫೀಸಿನಲ್ಲಿ ಕೂತು ತನ್ನ ಅಫಿಡವಿಟ್ಟನ್ನು ತಾನೇ ಟೈಪ್ ಮಾಡಿದಳು. ಸೌಂದರ್ಯಾಳಿಗೂ ತಪ್ಪಿನ ಪಾಲಿತ್ತು. ಮೂಲ ರೆಕಾರ್ಡಿಂಗ್ ಮೊದಲಿಂದಲೂ ಕಡತದಲ್ಲೇ ಇತ್ತು. ಅಕ್ಷರ ಹಾಕಿದ್ದನ್ನು ಕೋರ್ಟಿನಲ್ಲೇ ನೋಡಿ ನಂಬಿದ್ದರಿಂದ ಆಕೆ ಅದನ್ನು ತೆರೆದೇ ನೋಡಿರಲಿಲ್ಲ. ಈಗ ಹಠ ಹಿಡಿದು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದಳು. ಒಂದು ವರ್ಷಕ್ಕೆ, ಮತ್ತೆ ವಿಚಾರಣೆ ಮಾಡಿರಿ ಎಂದು ಪ್ರಕರಣ ಹುಬ್ಬಳ್ಳಿಗೆ ಮರಳಿತು.

ಈ ಸಲ ಕಟಕಟೆಯಲ್ಲಿ ಅಂಬಾಬಾಯಿ. ಎದುರಿಗೆ ರಾಜಶೇಖರರು.

“ಇಪ್ಪತ್ತೈದ ವರ್ಷ ನನಗ ಟೈಪ್ ಮಾಡಿ ಕೊಟ್ಟೀರಿ. ಕೇಳಿದ್ದೊಂದು, ಬರದದ್ದೊಂದು ಎಂದಾದ್ರೂ ಮಾಡೀರೇನು?”

“ಒಮ್ಮೆ ಮಾಡೇನ್ರಿ. ಇದರಾಗ.”

“ನಾ ಹೇಳಿದೆ ಅಂತ ಮಾಡಿದ್ರೋ?”

ಆ ಬಾಗಿಲು ಅವರೇ ತೆರೆದುಕೊಟ್ಟಿದ್ದರು. ಹೌದು ಎಂದು ಅದರಲ್ಲಿ ನುಸುಳಿ ಹೋಗಬಹುದಿತ್ತು. “ನಿಮಗ ಹಂಗ ಕೇಳಿಸಿತ್ರಿ. ನೀವು ಕೇಳಿದ್ದು ನೀವು ಹೇಳಿದ್ರಿ. ನನಗ ಪ್ರಶ್ನಿ ಕೇಳಿಸಿತ್ತು. ಕೇಳಿಸಿದ ಮ್ಯಾಲೂ ಅಳಿಸಿದಾಕಿ ನಾನು.”

ನ್ಯಾಯಾಧೀಶರು ಪರದೆ ಆರಿಸಲು ಹೇಳಿ, ಮೂಲ ರೆಕಾರ್ಡಿಂಗನ್ನು ಫ್ಯಾನಿನ ಸಪ್ಪಳದ ಸಮೇತ ಮೂರು ಸಲ ಕೇಳಿದರು. ಇದನ್ನು ಒಪ್ಪಿಗೆ ಎನ್ನಲಾಗದು ಎಂದರು. ಕೆಲಸದಿಂದ ತೆಗೆದದ್ದು ತಪ್ಪೆಂದು ಆದೇಶವಾಯಿತು, ದೇವಕ್ಕನಿಗೆ ಪರಿಹಾರ ಸಿಕ್ಕಿತು. ಆ ಅಂಗಡಿಗೆ ಆಕೆ ತಿರುಗಿ ಹೋಗಲಿಲ್ಲ. ಸೀರೆಗಳು ಎಲ್ಲಿ ಹೋದವೆಂಬುದು ಇವತ್ತಿಗೂ ಗೊತ್ತಾಗಿಲ್ಲ.

ಹೊರಗೆ ಮೆಟ್ಟಿಲ ಮೇಲೆ ರಾಜಶೇಖರರು ಸಿಕ್ಕರು. “ನನಗ ಇವತ್ತೂ ಅದು ಒಪ್ಪಿಗೀನ ಕೇಳಸ್ತೈತಿ ಬಾಯಾರ” ಎಂದು ನೊಂದವರಂತೆ ಹೇಳಿ ಕಾರು ಹತ್ತಿದರು. ಆಮೇಲೆ ಅವರಿಂದ ಕೆಲಸ ಬರಲಿಲ್ಲ, ಬೇರೆ ವಕೀಲರಿಂದಲೂ ಬರಲಿಲ್ಲ. ಅಂಬಾಬಾಯಿಗೆ ಅವರ ಮೇಲೆ ಸಿಟ್ಟಿಲ್ಲ. ಅವರ ಕಿವಿಗೆ ಬಿದ್ದದ್ದೇ ಹಾಗೆ. ಹಾಗೆ ಅನ್ನುವ ಅನುಕೂಲ ತನಗಿಲ್ಲವಲ್ಲ ಎಂಬುದಷ್ಟೇ ಆಕೆಯ ಸಂಕಟ. ದೇವಕ್ಕ ಗೆದ್ದ ದಿನವೂ ಅದು ಹಗುರಾಗಲಿಲ್ಲ. ಕೋರ್ಟಿನ ಆದೇಶವನ್ನು ಯಾರೂ ವಾಟ್ಸ್ಯಾಪಿನಲ್ಲಿ ಕಳಿಸಲಿಲ್ಲ. ಹಳೇ ವಿಡಿಯೋ ಮಾತ್ರ ಫೋನುಗಳಲ್ಲಿ ಹಾಗೇ ಕೂತಿತ್ತು.

ಈಗ ಅಂಬಾಬಾಯಿ ವಾರಕ್ಕೆ ಎರಡು ದಿನ ದುರ್ಗದಬೈಲಿಗೆ ಹೋಗುತ್ತಾಳೆ. ಅಂಗಡಿಯಿಂದ ಅಂಗಡಿಗೆ ಹತ್ತಿ, ಆ ವಿಡಿಯೋ ಇದ್ದರೆ ಅಳಿಸಿರೆಂದು ಕೇಳಿಕೊಳ್ಳುತ್ತಾಳೆ. ಕೆಲವರು ಅಳಿಸುತ್ತಾರೆ. ಕೆಲವರು ಯಾವ ವಿಡಿಯೋ ಎನ್ನುತ್ತಾರೆ. ಮೊನ್ನೆ ಬಟ್ಟೆ ವ್ಯಾಪಾರಿ ಅಹಮದಸಾಬರು ಫೋನಿನಲ್ಲಿ ಅದನ್ನು ಹುಡುಕಿ ತೆಗೆದು, ಕನ್ನಡಕ ಏರಿಸಿ ನೋಡಿದರು.

“ಆಕಿ ತಗೊಂಡಿಲ್ಲ ಅಂತೀರಿ. ಇಲ್ಲಿ ಬರದೈತಲ್ರಿ?”

“ಬರದಾಕಿ ನಾನ್ರಿ” ಎಂದಳು ಅಂಬಾಬಾಯಿ, ಮತ್ತೆ ಮೊದಲಿಂದ ಹೇಳಿದಳು.

ಅಹಮದಸಾಬರು ಪೂರ್ತಿ ಕೇಳಿದರು. ಫೋನನ್ನು ಆಕೆಯ ಮುಂದೆಯೇ ಹಿಡಿದು ಅಳಿಸಿದರು. “ನಮ್ಮ ಮಗ ದಾನಿಶನ ಫೋನಿನ್ಯಾಗೂ ಐತ್ರಿ. ಅಂವ ಬರೂದು ಐದಕ್ಕ.”

ಆಗ ಇನ್ನೂ ಮೂರು ಗಂಟೆ. “ಕುಂದರ್ತೇನ್ರಿ” ಎಂದು ಅಂಬಾಬಾಯಿ ಕಟ್ಟೆಯ ಅಂಚಿಗೆ ಕೂತಳು.