ಕಾವಿಯಲ್ಲಿ ಬರೆದ ಇಸವಿ

ಕಲ್ಲು ಒಡೆಯುವವರು ಬೇರೆ, ಕಲ್ಲಿಗೆ ಅಕ್ಷರ ಕೂರಿಸುವವರು ಬೇರೆ. ಮಹಾದೇವಮ್ಮ ಅಕ್ಷರದವಳು. ಇಳಕಲ್ಲಿನ ಕಡೆಯಿಂದ ಗಂಡನ ಜೊತೆ ನಾಗಪುರಕ್ಕೆ ಬಂದವಳು, ಅವನು ತೀರಿಕೊಂಡ ಮೇಲೂ ಉಳಿಯನ್ನು ಕೆಳಗಿಡಲಿಲ್ಲ. ಊರಿನ ಸದರ್ ಬಡಾವಣೆಯ ಗೋರಿಗಲ್ಲುಗಳಿಗೆ ಐದು ವರ್ಷದಿಂದ ಹೆಸರು ಕೆತ್ತುತ್ತಿದ್ದಳು. ಇಂಗ್ಲಿಷ್ ಓದಲು ಬರದು. ಚೀಟಿಯಲ್ಲಿದ್ದದ್ದನ್ನು ಕಾವಿಮಣ್ಣಿನಿಂದ ಕಲ್ಲಿನ ಮೇಲೆ ತೀಡಿ, ಕೊಟ್ಟವರಿಗೆ ತೋರಿಸಿ, ಅವರು ಹೂಂ ಅಂದ ಮೇಲೆಯೇ ಉಳಿ ಹಚ್ಚುವುದು ಅವಳ ಪದ್ಧತಿ. ಕಾವಿಯನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ಉಳಿಯ ಗಾಯವನ್ನು ಒರೆಸಲಾಗದು.

೧೯೫೪ರಲ್ಲಿ ಅಲ್ಲಿಯ ಇಗರ್ಜಿಯೊಂದರ ಶಾಲೆಗೆ ಹೊಸ ಕಟ್ಟಡ ಎದ್ದಿತು. ಬಾಗಿಲ ಮೇಲಿನ ಕಲ್ಲಿಗೆ ಇಸವಿ ಬೇಕು, ಅದೂ ಹಳೆಯ ಕಟ್ಟಡದಲ್ಲಿರುವಂತೆ ರೋಮನ್ ಅಂಕಿಯಲ್ಲೇ ಬೇಕು ಎಂದು ಹೇಳಿ ಪಾದ್ರಿ ಪರವೂರಿಗೆ ಹೋಗಿದ್ದರು. ಕೆಲಸ ನೋಡಿಕೊಳ್ಳುವ ಮುಕಾದಮ ಘಾಟೆ ಚೀಟಿಯಲ್ಲಿ ನಾಲ್ಕು ಮಾಮೂಲಿ ಅಂಕಿ ಗೀಚಿಕೊಟ್ಟ.

"ರೋಮನ್ ಬರುತ್ತದೇನು, ಬಾಯಿ?"

"ಗಡಿಯಾರದಾಗ ಇರ್ತಾವಲ್ಲ, ಅವೇ ಹೌದಲ್ರಿ? ಬರ್ತಾವ."

ಇಗರ್ಜಿಯ ಗೋಪುರದ ಗಡಿಯಾರದ ಕೆಳಗೆ ಕೂತು, ಒಂದು, ಒಂಬತ್ತು, ಐದು, ನಾಲ್ಕರ ಗುರುತುಗಳನ್ನು ಹೆಕ್ಕಿ ಕಾವಿಯಲ್ಲಿ ಬರೆದಳು: I IX V IIII.

ಘಾಟೆ ನೋಡಿ ನಕ್ಕ. "ಇದೇನು ಇಸವಿಯೋ, ರೈಲು ಬರುವ ಹೊತ್ತೋ? ಹಳೆ ಕಲ್ಲಿನ ಮೇಲೆ ಹೀಗಿಲ್ಲ. ಬಿಡು ಬಾಯಿ, ಪಕ್ಕದೂರು ಕಾಮಠಿಯಿಂದ ಓದುಬಲ್ಲ ಕೆತ್ತನೆಯವನೊಬ್ಬನನ್ನು ಕರೆಸುತ್ತೇನೆ."

ಈ ಕಲ್ಲು ಕೈತಪ್ಪಿದರೆ ಸದರಿನ ಬೇರೆ ಕಲ್ಲುಗಳೂ ಅದರ ಹಿಂದೆಯೇ ಕಾಮಠಿಯ ದಾರಿ ಹಿಡಿಯುತ್ತವೆಂದು ಅವಳಿಗೆ ಗೊತ್ತಿತ್ತು.

"ನಾಳೆ ಮುಂಜಾನಿ ತನಕ ತಡೀರಿ. ಬರೋಬರ್ ಬರೀತೀನಿ. ತಪ್ಪಿದ್ರ ಅವನನ್ನ ಕರಸ್ರಿ, ಉಳಿ ನಾನೇ ಕೊಡ್ತೀನಿ."

ಸೆರಗು ಸಿಕ್ಕಿಸಿಕೊಂಡು ನೇರ ರಾಮದಾಸಪೇಠಕ್ಕೆ ನಡೆದಳು. ಅಲ್ಲಿ ಧಾರವಾಡದ ಕಡೆಯ ನರಹರಿ ಮಾಸ್ತರರಿದ್ದರು, ಲೆಕ್ಕ ಕಲಿಸಿ ನಿವೃತ್ತರಾದವರು. ಅವಳು ಬರೆದು ತೋರಿಸಿದ್ದನ್ನು ನೋಡಿ ಕನ್ನಡಕ ಏರಿಸಿದರು.

"ಇದು ನಮ್ಮ ಮಂದಿ ಮಾಡೂ ತಪ್ಪು, ಮಹಾದೇವಮ್ಮ. ನಮ್ಮ ಅಂಕಿಗೆ ಕೂತ ಜಾಗಾದಿಂದ ಬೆಲಿ. ಒಂಬತ್ತು ನೂರರ ಮನ್ಯಾಗ ಕೂತ್ರ ಒಂಬೈನೂರು. ಮನಿ ಖಾಲಿ ಇದ್ರ ಸೊನ್ನಿ. ಈ ಯುಕ್ತಿ ನಮ್ಮ ದೇಶದ್ದು. ಅರಬರು ಕಲತು ಆಚೆ ಒಯ್ದರು. ಇಂಗ್ಲಿಷ್ ಅಂಕಿ ಅಂತೀವಲ್ಲ, ಅವೂ ಇಲ್ಲಿಂದ ಹೋದವೇ."

"ಮತ್ತ ರೋಮಿನವರದು?"

"ಕುರುಬರು ಕೋಲಿಗೆ ಗೀರು ಹಾಕಿ ಕುರಿ ಎಣಸ್ತಾರಲ್ಲ, ಆ ಜಾಡು. ಐದಕ್ಕ V, ಹತ್ತಕ್ಕ X, ಐವತ್ತಕ್ಕ L, ನೂರಕ್ಕ C, ಐನೂರಕ್ಕ D, ಸಾವಿರಕ್ಕ M. ಎಲ್ಲಿ ಕೂತರೂ ಬೆಲಿ ಅದೇ, ಸೊನ್ನಿ ಇಲ್ಲ. ದೊಡ್ಡದರ ಬೆನ್ನಿಗೆ ಸಣ್ಣದು ಬಂದ್ರ ಕೂಡಸು. ದೊಡ್ಡದರ ಮುಂದ ಸಣ್ಣದು ನಿಂತ್ರ ಕಳಿ."

ಅವಳು ಸ್ಲೇಟು ಎಳೆದುಕೊಂಡಳು. "ಸಾವಿರಕ್ಕ M. ಒಂಬೈನೂರಕ್ಕ... ಸಾವಿರದ ಮುಂದ ನೂರನ್ನ ನಿಲ್ಲಸ್ತೀನಿ. ಐವತ್ತು L." ನಾಲ್ಕಕ್ಕೆ ಬಳಪ ನಿಂತಿತು. "ನೀವು ಹೇಳಿದಂಗ IV ಆಗಬೇಕು. ಗಡಿಯಾರದಾಗ ನಾಕು ಗೀರು ಅದಾವಲ್ರಿ?"

"ಅದು ಗಡಿಯಾರದವರ ರೂಢಿ. ಹಳೇ ಕಲ್ಲಿನಾಗ ಏನೈತಿ ನೋಡು, ಅದನ್ನ ಹಿಡಿ."

ಬೆಳಕಿರುವಾಗಲೇ ಶಾಲೆಯ ಹಳೆಯ ಕಟ್ಟಡದ ಬಾಗಿಲಿನ ಕೆಳಗೆ ಬಂದು ನಿಂತಳು. MDCCCLXIV. ಬೆರಳು ಮಡಚುತ್ತ, ಬಿಚ್ಚುತ್ತ ಮೂರು ಸಲ ಓದಿದಳು. ಮೂರು ಸಲವೂ ಅದೇ ಇಸವಿ ಬಂತು. ಆಮೇಲೆ ಒದ್ದೆ ಬಟ್ಟೆ ಹುಡುಕಿದಳು.

ಮುಂಜಾನೆ ಘಾಟೆ ಬಂದಾಗ ಕಲ್ಲಿನ ಮೇಲೆ ಹೊಸ ಕಾವಿ ಒಣಗಿತ್ತು: MCMLIV.

"ಗಡಿಯಾರದ ನಾಲ್ಕು ಹೀಗಿಲ್ಲವಲ್ಲ," ಎಂದು ಅವನು ಕೊಕ್ಕೆ ಹಾಕಿದ.

"ಬರ್ರಿ ಸಾಹೇಬ್ರ." ಅವನನ್ನು ಹಳೆಯ ಬಾಗಿಲಿಗೆ ಕರೆದೊಯ್ದಳು. "ಇದನ್ನ ಓದ್ರಿ."

ಘಾಟೆ ಕತ್ತೆತ್ತಿ ನೋಡಿ ಕೊರಳು ತುರಿಸಿಕೊಂಡ. "ನೀನೇ ಓದು."

"ಸಾವಿರ, ಐನೂರು, ಮೂರು ನೂರು. ಅರವತ್ತು. ಕೊನಿಗೆ ಐದರ ಮುಂದ ಒಂದು ನಿಂತೈತಿ, ನಾಕು. ಸಾವಿರದ ಎಂಟುನೂರಾ ಅರವತ್ನಾಕು. ಕಾಮಠಿಯಾಂವ ಇದಕ್ಕಿಂತ ಬ್ಯಾರೆ ಓದ್ತಾನೇನು?"

ಘಾಟೆ ಅವಳತ್ತ ತಿರುಗಿ, "ಹೂಂ, ಹಚ್ಚು," ಎಂದ.

ಇಬ್ಬರೂ ಹೊಸ ಕಲ್ಲಿಗೆ ಮರಳಿದರು. ಉಳಿ ಹಚ್ಚುವ ಮುನ್ನ ಸಾಲು ನೇರವಿದೆಯೋ ಎಂದು ನೋಡುವುದಿತ್ತು. ಅವಳು ದಾರದ ಒಂದು ತುದಿಯನ್ನು ಅವನತ್ತ ಚಾಚಿದಳು. "ಬಿಗಿ ಹಿಡೀರಿ." ಮುಕಾದಮ ಧೋತರ ಸರಿಪಡಿಸಿಕೊಂಡು ಕಲ್ಲಿನ ಆಚೆ ಕುಕ್ಕರುಗಾಲಲ್ಲಿ ಕೂತ.