ಕರೆಮ್ಮ ಕಟ್ಟಿದ ಒಡಪು

ಸಂತೆಕಲ್ಲೂರಿನಲ್ಲಿ ಮದುವೆಯಿರಲಿ, ಬಸುರಿಯ ಕುಬಸವಿರಲಿ, ಕರೆಮ್ಮ ಗಂಡನ ಹೆಸರಿಟ್ಟು ಒಂದು ಒಡಪು ಹೇಳದಿದ್ದರೆ ಹೆಂಗಸರಿಗೆ ಉಂಡದ್ದು ಉಂಡಂತೆ ಅನ್ನಿಸುತ್ತಿರಲಿಲ್ಲ. ಗಂಡ ರಾಮಣ್ಣನ ಹೆಸರನ್ನು ಹತ್ತಿ ಹೊಲಕ್ಕೂ ಜೋಡಿಸುತ್ತಿದ್ದಳು, ಮಸ್ಕಿ ಬಸ್ಸಿಗೂ ಜೋಡಿಸುತ್ತಿದ್ದಳು. ನಾಲಿಗೆ ಬಲು ಚುರುಕು. ಅದಕ್ಕೆ ಲಗಾಮು ಮಾತ್ರ ಇರಲಿಲ್ಲ.

ಸೊಸೆ ಅನುಪಮಾಗೆ ತವರಿನಲ್ಲಿ ತಾಯಿ ಇಲ್ಲ. ಹೀಗಾಗಿ ಚೊಚ್ಚಲ ಬಸಿರಾದರೂ ಕುಬಸ, ಬಾಣಂತನ ಎರಡೂ ಅತ್ತೆಯ ಮನೆಯಲ್ಲೇ ಎಂದಾಯಿತು. ಮಗ ನಿಂಗರಾಜ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವನು, ವಾರಕ್ಕೊಮ್ಮೆ ಬರುತ್ತಿದ್ದ. ಅತ್ತೆ ಸೊಸೆ ಅಕ್ಕಪಕ್ಕ ಮಲಗುತ್ತಿದ್ದರು. ತಿಂಗಳು ಏರುತ್ತ ಬಂದಂತೆ ಅನುಪಮಾಗೆ ಗೊರಕೆ ಹತ್ತಿತು. ಜೋರಾಗಿ ಹೊಡೆಯುತ್ತಿದ್ದವಳು ಗಪ್ಪಾಗಿಬಿಡುವಳು, ಉಸಿರೇ ಇಲ್ಲ. ಆಮೇಲೆ ಬಾವಿಯಲ್ಲಿ ಮುಳುಗಿ ಎದ್ದವಳ ಹಾಗೆ ಗಕ್ಕನೆ ಉಸಿರೆಳೆದುಕೊಳ್ಳುವಳು. ಕರೆಮ್ಮನಿಗೆ ಇದೊಂದು ಮೋಜಾಯಿತು. ಗಾಬರಿಯಾಗಬೇಕಿತ್ತು, ಆಗಲಿಲ್ಲ.

ಕುಬಸದ ದಿನ ಅನುಪಮಾ ಹಸಿರು ಸೀರೆ, ಹಸಿರು ಬಳೆಯಲ್ಲಿ ಕೂತಿದ್ದಳು. ಓಣಿಯ ಹೆಂಗಸರು, "ಕರೆಮ್ಮಕ್ಕ, ಹೆಸರು ಹೇಳು" ಎಂದು ದುಂಬಾಲು ಬಿದ್ದರು. ಕರೆಮ್ಮ ಸೆರಗು ಸಿಕ್ಕಿಸಿ ನಿಂತಳು:

"ಹತ್ತಿ ಬಿಡಿಸೋ ಹೊಲದಾಗ ಹಾರತಾವ ಗಿಣಿ,
ಸೊಸಿ ಗೊರಕಿ ಹೊಡದರ ಏಳತೈತಿ ಓಣಿ,
ನಿದ್ದಿಗೆಟ್ಟು ಕುಂತಾರ ನಮ್ಮ ರಾಮಣ್ಣ ಧಣಿ!"

ಅಷ್ಟಕ್ಕೇ ಬಿಟ್ಟಳೇ? ಉಸಿರು ನಿಲ್ಲುವುದನ್ನೂ ಗಕ್ಕನೆ ಎಳೆಯುವುದನ್ನೂ ಮಾಡಿ ತೋರಿಸಿದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅನುಪಮಾ ಕೂಡ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು.

ಮರುದಿನವೇ ಅವಳ ಹಾಸಿಗೆ ಜೋಳದ ಚೀಲಗಳ ಕೋಣೆಗೆ ಹೋಯಿತು. ಬಾಗಿಲೂ ಮುಚ್ಚಿತು.

"ಸೆಕಿ ಆಗಂಗಿಲ್ಲೇನವ್ವ?"

"ಇಲ್ಲ ಅತ್ತಿ, ಅಲ್ಲೇ ತಂಪೈತಿ."

ಹಗಲು ರೊಟ್ಟಿ ಬಡಿಯುತ್ತಲೇ ತೂಕಡಿಸುತ್ತಿದ್ದಳು. ಬಸುರಿಯ ಮಂಪರು ಎಂದುಕೊಂಡು ಕರೆಮ್ಮ ಸುಮ್ಮನಾದಳು.

ಲಿಂಗಸುಗೂರಿನ ದವಾಖಾನೆಯಲ್ಲಿ ಬಿಪಿ ಏರಿದ್ದು ಕಂಡು ಡಾಕ್ಟರ್ ಶೈಲಜಾ ಕೇಳಿದರು, "ಗೊರಕಿ ಹೊಡೀತೀಯೇನಮ್ಮ? ಮಲಗಿದಾಗ ಉಸಿರು ನಿಂತು ನಿಂತು ಬರ್ತದೇನು?"

ಅನುಪಮಾ ತಿರುಗಿ ಅತ್ತೆಯ ಮುಖ ನೋಡಿ, "ಇಲ್ರೀ ಮೇಡಂ" ಎಂದಳು.

ಕರೆಮ್ಮನ ಬಾಯಿಗೆ ಮಾತು ಬಂದಿತ್ತು. ಹೊರಗಿನವರ ಮುಂದೆ ಮನೆಯ ಸೊಸೆಯ ಮಾನ ಯಾಕೆ ಕಳೆಯಲಿ ಎಂದು ನುಂಗಿಕೊಂಡಳು. ಓಣಿಗೆಲ್ಲ ಡಂಗುರ ಸಾರಿದವಳಿಗೆ ಮರ್ಯಾದೆ ನೆನಪಾದದ್ದು ಆಗ. ಡಾಕ್ಟರು ಬಿಪಿಯ ಗುಳಿಗೆ ಬರೆದುಕೊಟ್ಟು ಕಳಿಸಿದರು.

ಎಂಟನೇ ತಿಂಗಳಲ್ಲಿ ಬಿಪಿ ಯಾವ ಗುಳಿಗೆಗೂ ಬಗ್ಗಲಿಲ್ಲ. ಸಿಂಧನೂರಿಗೆ ಒಯ್ದು ಅವಸರದಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ವಾರ್ಡಿನಲ್ಲಿ ಅನುಪಮಾ ಮಲಗಿದ್ದನ್ನು ನೋಡಿದ ಅಲ್ಲಿಯ ಡಾಕ್ಟರು, "ಇದು ನಿದ್ದೆಯಲ್ಲಿ ಉಸಿರು ಕಟ್ಟುವ ರೋಗ. ಬಿಪಿ ಏರೋದಕ್ಕೆ ಇದೂ ಸೇರಿರಬಹುದು. ಇದರಿಂದಲೇ ಹೀಗಾಯ್ತು ಅಂತ ಹೇಳಕ್ಕಾಗಲ್ಲ. ಆದರೆ ಮೊದಲೇ ಗೊತ್ತಾಗಿದ್ದರೆ ಇದಕ್ಕೂ ಚಿಕಿತ್ಸೆ ಕೊಡಬಹುದಿತ್ತು" ಎಂದರು.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಸೊಸೆಯ ತಲೆ ಬಾಚುತ್ತ ಕರೆಮ್ಮ ತಡೆಯಲಾರದೆ ಕೇಳಿಬಿಟ್ಟಳು. "ಅವತ್ತು ಡಾಕ್ಟರಮ್ಮನ ಮುಂದ ಇಲ್ಲ ಅಂತ ಯಾಕಂದಿ ನನ್ನವ್ವ?"

ಅನುಪಮಾ ತಿರುಗಲಿಲ್ಲ. ಸಿಟ್ಟೂ ಮಾಡಲಿಲ್ಲ.

"ನಿದ್ದ್ಯಾಗ ಏನಾಗತೈತಿ ಅಂತ ನನಗೇನು ಗೊತ್ತು ಅತ್ತಿ? ಕೇಳಿಸಿಕೊಂಡವರು ನೀವು. ಅದಕ್ಕ ನಿಮ್ಮ ಮಾರಿ ನೋಡಿದ್ನಿ."