ಅಪ್ಪ ಕಾಲಿಗೆ ನೀರು ಬೇಡವೆಂದ ದಿನ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಚಳಿ ಎಂದರೆ ನನಗೊಂದು ತಮಾಷೆಯ ಮಾತಾಗಿತ್ತು. ಗ್ರಾಂಟ್ ರೋಡಿನ ನಮ್ಮ ಚಾಳಿನಲ್ಲಿ ಜನವರಿಯ ಬೆಳಿಗ್ಗೆ ನಳದ ಮುಂದೆ ಸಾಲುಗಟ್ಟಿದವರು ಸ್ವೆಟರ್ ಹಾಕಿಕೊಂಡು ‘ಅಬ್ಬಬ್ಬಾ, ಏನ್ ಥಂಡಿ’ ಎನ್ನುತ್ತಿದ್ದರು. ಒಂಬತ್ತು ಗಂಟೆಗೆಲ್ಲ ಅದೇ ಸ್ವೆಟರ್ ಬಟ್ಟೆ ಒಣಗಿಸುವ ತಂತಿಯ ಮೇಲೆ ನೇತಾಡುತ್ತಿತ್ತು. ನಿಜವಾದ ಚಳಿಯನ್ನು ನಾನು ಕಂಡದ್ದು ಎಂಟನೆಯ ವಯಸ್ಸಿನಲ್ಲಿ, ಅದೂ ಮೂರನೇ ಮಹಡಿಯ ನಮ್ಮ ಒಂದೇ ಖೋಲಿಯ ಮನೆಯಲ್ಲಿ. ಅಪ್ಪ ಅದನ್ನು ಕಾಲಲ್ಲಿ ಹೊತ್ತು ತಂದಿದ್ದ.

ಅಪ್ಪ ಸೈನ್ಯದಲ್ಲಿದ್ದ. ಎಲ್ಲೋ ಹಿಮದ ಬೆಟ್ಟಗಳ ಮೇಲೆ ಅವನ ಕಾವಲು. ಎಲ್ಲಿ ಎಂದು ಪತ್ರದಲ್ಲಿ ಬರೆಯುವಂತಿರಲಿಲ್ಲ. ‘ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ’ ಎಂದಷ್ಟೇ ಬರುತ್ತಿತ್ತು. ಅವ್ವ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಅವಳ ಬಲಗೈ. ನಾನು ಯಾವ ಕೆಲಸಕ್ಕೂ ಬಾರದ ಹರಟೆಮಲ್ಲಿ.

ಒಂದೂವರೆ ವರ್ಷದ ಮೇಲೆ ಒಂದು ಬೆಳಿಗ್ಗೆ ಅಪ್ಪ ಬಂದ. ಮೂಗಿನ ತುದಿಯ ಚರ್ಮ ಸುಲಿದು ಮುಖ ಕಪ್ಪಗಾಗಿತ್ತು. ಅವ್ವ ತಂಬಿಗೆ ಹಿಡಿದು ಹೊಸ್ತಿಲಿಗೆ ಓಡಿದಳು. ನಮ್ಮ ವಿಜಯಪುರದ ಕಡೆ ದೂರದಿಂದ ಬಂದವರ ಕಾಲಿಗೆ ಮೊದಲು ನೀರು ಕೊಡಬೇಕು. ಕಾಲು ತೊಳೆಯದೆ ಒಳಗೆ ಬಂದರೆ ದಾರಿಯ ಪೀಡೆಯೂ ಹಿಂದೆಯೇ ಬರುತ್ತದೆ ಎಂದು ಅವ್ವ ನಂಬಿದ್ದಳು.

“ಇರ್ಲಿ ಬಿಡ. ಆಮ್ಯಾಲ ತೊಳಕೋತೀನಿ,” ಎಂದ ಅಪ್ಪ ಬೂಟುಗಾಲಲ್ಲೇ ಹೊಸ್ತಿಲು ದಾಟಿದ.

ಒಳಗೆ ಬಂದು ಗೋಡೆಯ ಕಡೆ ಮುಖ ಮಾಡಿ ಬೂಟು ಬಿಚ್ಚಿದ. ಎರಡೆರಡು ಜೊತೆ ಉಣ್ಣೆಯ ಕಾಲುಚೀಲಗಳನ್ನು ಮಾತ್ರ ತೆಗೆಯಲಿಲ್ಲ. ಅವ್ವ ತುಂಬಿದ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ರೊಟ್ಟಿ, ಹಿಂಡಿಪಲ್ಲೆ ತಿನ್ನುತ್ತಾ ಅಪ್ಪ ನಮಗೆ ಅಲ್ಲಿಯ ಕಥೆ ಹೇಳಿದ. ಬರಿಗೈಯಲ್ಲಿ ಬಂದೂಕಿನ ಕಬ್ಬಿಣ ಮುಟ್ಟಿದರೆ ಚರ್ಮ ಅಲ್ಲೇ ಅಂಟಿಕೊಳ್ಳುತ್ತದಂತೆ. ಮೊಟ್ಟೆಯನ್ನು ನೆಲಕ್ಕೆ ಹೊಡೆದರೂ ಒಡೆಯುವುದಿಲ್ಲವಂತೆ. ಗಾಳಿ ಬೀಸುವ ದಿನ ಡೇರೆಯ ಹೊರಗೆ ಹೋದವನು ಹಗ್ಗ ಹಿಡಿದೇ ಹೋಗಬೇಕಂತೆ, ಇಲ್ಲದಿದ್ದರೆ ಹತ್ತು ಹೆಜ್ಜೆಯಲ್ಲೇ ದಾರಿ ತಪ್ಪುತ್ತಾನಂತೆ. ಹೇಳುತ್ತಾ ಹೇಳುತ್ತಾ ಅವನು ನಗುತ್ತಿದ್ದ, ಹಣೆಯಿಂದ ಬೆವರು ಇಳಿಯುತ್ತಿತ್ತು. ಕೈ ತೊಳೆಯಲು ಎದ್ದಾಗ ಒದ್ದೆ ನೆಲದ ಮೇಲೆ ನಡೆಯುವವನ ಹಾಗೆ ಹೆಜ್ಜೆ ಹಾಕಿದ. ಟ್ರಂಕಿನ ಮೂಲೆಗೆ ಅವನ ಹೆಬ್ಬೆರಳು ಧಡ್ ಎಂದು ಬಡಿಯಿತು. ಅಪ್ಪ ತಿರುಗಿಯೂ ನೋಡಲಿಲ್ಲ. ಅಕ್ಕ ನನ್ನ ಮುಖ ನೋಡಿದಳು.

ಹನ್ನೊಂದರ ಹೊತ್ತಿಗೆ ಅವ್ವ, ಅಕ್ಕ ರೊಟ್ಟಿಯ ಬುಟ್ಟಿ ಹೊತ್ತು ಖಾನಾವಳಿಗೆ ಹೋದರು. ಅವರ ಹೆಜ್ಜೆ ಸಪ್ಪಳ ಮೆಟ್ಟಿಲಲ್ಲಿ ಕರಗುವುದನ್ನೇ ಅಪ್ಪ ಕಾಯುತ್ತಿದ್ದ.

“ಕೂಸ, ಸ್ಟೋ ಮ್ಯಾಲ ನೀರ ಕಾಸು. ಒಂದ್ ಮುಟಗಿ ಉಪ್ಪ ಹಾಕು. ಕಾಲಿಗಿ ಥಂಡಿ ಹಿಡದೈತಿ, ಕಾವ ಕೊಟ್ರ ಬಿಡ್ತೈತಿ.”

ಇದು ನನಗೆ ಹೊಸದಲ್ಲ. ಥಂಡಿಗೆ ಕಾವು, ಉಳುಕಿಗೆ ಉಪ್ಪುನೀರು, ನಮ್ಮ ಮನೆಯ ವೈದ್ಯವೇ ಅಷ್ಟು. ನೀರು ಕುದಿಸಿ, ಖೋಲಿಯ ಮೂಲೆಯ ಬಚ್ಚಲಮೋರಿಯ ಪಕ್ಕ ಕುಳಿತ ಅಪ್ಪನ ಮುಂದಿದ್ದ ಅಗಲ ಬೋಗುಣಿಗೆ ಸುರಿದೆ. ತಣ್ಣೀರು ಬೆರೆಸಲೆಂದು ನೀರು ತುಂಬಿಡುವ ಪಿಂಪಿನ ಕಡೆ ತಿರುಗಿದೆ. ಅಷ್ಟರಲ್ಲಿ ಅಪ್ಪ ಕಾಲುಚೀಲ ಬಿಚ್ಚಿದ್ದ.

ಖೋಲಿಯಲ್ಲಿ ಕೆಟ್ಟ ವಾಸನೆ ಹಬ್ಬಿತು. ಅವನ ಎಡಗಾಲಿನ ಬೆರಳುಗಳು ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಆ ಕಾಲನ್ನು ಬೋಗುಣಿಯಲ್ಲಿ ಇಟ್ಟುಬಿಟ್ಟ. ಹಬೆ ಅವನ ಮುಖದ ತನಕ ಏರುತ್ತಿತ್ತು. ಅವನು ಹುಬ್ಬು ಸಹ ಗಂಟಿಕ್ಕಲಿಲ್ಲ.

“ನೀರು ತಣ್ಣಗೈತಲ್ಲ. ಇನ್ನಷ್ಟ ಬಿಸೀದ ಹಾಕು.”

ನಾನು ಒಂದು ಬೆರಳನ್ನು ನೀರಿಗೆ ಮುಟ್ಟಿಸಿ ಚೀರಿ ಹಿಂದಕ್ಕೆಳೆದುಕೊಂಡೆ. ಆದರೂ, ಮಕ್ಕಳೇ, ಅಪ್ಪ ಹೇಳಿದನೆಂದು ಮತ್ತೊಂದು ಚೆರಿಗೆ ಕುದಿನೀರು ನಾನೇ ಸುರಿದೆ. ಕುದಿಯುವ ನೀರು ಅಪ್ಪನಿಗೆ ತಣ್ಣಗಿದೆ ಎಂದರೆ ಅವನ ಕಾಲಿಗೆ ಏನಾಗಿದೆ ಎಂದು ಯೋಚಿಸುವ ಬುದ್ಧಿ ನನಗಿರಲಿಲ್ಲ. ಹೆದರಿಕೆ ಮಾತ್ರ ಇತ್ತು.

ಕಾಲು ಹೊರಗೆ ತೆಗೆದಾಗ ಚರ್ಮ ಬೋಗುಣಿಯಲ್ಲೇ ಉಳಿಯಿತು. ಆಗ ಅಪ್ಪನಿಗೂ ಕಾಲು ಬೆಂದದ್ದು ಗೊತ್ತಾಯಿತು. ಆಮೇಲೆ ಹಳೆಯ ಧೋತರ ಹರಿದು ಸುತ್ತಿ, ಮೇಲೆ ಕಾಲುಚೀಲ ಎಳೆದುಕೊಂಡ.

“ಅವ್ವಗ ಹೇಳಬ್ಯಾಡ. ಹೇಳಿದ್ರ ದವಾಖಾನಿಗಿ ಹಾಕ್ತಾರ, ಸೂಟಿ ಎಲ್ಲಾ ಅಲ್ಲೇ ಮುಗೀತೈತಿ. ಅಲ್ಲಿ ಡಾಕ್ಟರಗೂ ಇದಕ್ಕ ಹೇಳ್ಲಿಲ್ಲ ನಾ. ನಿಮ್ಮನ್ನ ನೋಡಬೇಕಿತ್ತು.”

ನನ್ನ ತಲೆಯ ಮೇಲೆ ಅವನ ಕೈಯಿತ್ತು. ನಾನು ಆಣೆ ಮಾಡಿದೆ.

ಅವ್ವ ಬಂದಳು, ಅಕ್ಕ ಬಂದಳು. ನೆರೆಯವರು ಬಂದು ಚಹಾ ಕುಡಿದರು. ಅಪ್ಪ ಎಲ್ಲರೊಡನೆ ನಗುತ್ತಾ ಮಾತಾಡಿದ. ಊರೆಲ್ಲ ಹರಟುವ ನಾನು ಅಂದು ಬಾಯಿಗೆ ಬೀಗ ಹಾಕಿಕೊಂಡು ಮೂಲೆ ಹಿಡಿದೆ. ಮಧ್ಯಾಹ್ನ ಕಳೆದು ಸಂಜೆಯಾಯಿತು, ಅಪ್ಪನ ಮೈ ಕಾದ ಹಂಚಿನಂತಾಯಿತು. “ದಾರಿ ಪೀಡೆ,” ಎಂದು ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಅದನ್ನು ಸ್ಟೋ ಉರಿಗೆ ಹಾಕಿ, ಮತ್ತೊಮ್ಮೆ ನಿವಾಳಿಸಲು ಇನ್ನೊಂದು ಹಿಡಿ ಉಪ್ಪು ತೆಗೆದಳು. ಅದನ್ನು ನೋಡಲಾರದೆ ಜೋರಾಗಿ ಅತ್ತುಬಿಟ್ಟೆ. “ಪೀಡೆ ಅಲ್ಲ ಅವ್ವಾ, ಅಪ್ಪನ ಕಾಲು ನೋಡು,” ಎಂದೆ.

ಅಕ್ಕ ಕಾಲುಚೀಲ ಎಳೆದಳು. ಮುಂದೆ ಏನಾಯಿತೆಂದು ಪೂರ್ತಿ ನೆನಪಿಲ್ಲ. ಚಾಳಿನ ನಾಲ್ವರು ಅಪ್ಪನನ್ನು ಕುರ್ಚಿಯ ಸಮೇತ ಮೂರು ಮಹಡಿ ಇಳಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಅವ್ವನಿಗೆ ಹೇಳಿದ್ದು ಮಾತ್ರ ಕಿವಿಯಲ್ಲಿದೆ: ಹಿಮದಿಂದ ಬೆರಳುಗಳಷ್ಟೇ ಹೋಗುತ್ತಿದ್ದವು, ಕುದಿನೀರು ಬಿದ್ದು ವಿಷ ಮೇಲೇರಿದೆ. ಅಪ್ಪನ ಪ್ರಾಣ ಉಳಿಯಿತು. ಎಡ ಪಾದ ಉಳಿಯಲಿಲ್ಲ. ‘ನಿಂದೇನ್ ತಪ್ಪಿಲ್ಲ ಕೂಸ’ ಎಂದು ಅವನು ಸಾಯುವ ತನಕ ಹೇಳುತ್ತಿದ್ದ. ನೀರು ಸುರಿದದ್ದಕ್ಕೆ ನನ್ನನ್ನು ನಾನು ಕ್ಷಮಿಸಿದ್ದೇನೆ, ಎಂಟು ವರ್ಷದವಳಿಗೆ ಏನು ಗೊತ್ತು? ಸಂಜೆಯ ತನಕ ಬಾಯಿ ಮುಚ್ಚಿಕೊಂಡಿದ್ದಕ್ಕೆ ಮಾತ್ರ ಇನ್ನೂ ಆಗಿಲ್ಲ.

ನಿಮ್ಮ ಲೋಕವೇ ಬೇರೆ. ಬೊರಿವಲಿಯ ಈ ಫ್ಲ್ಯಾಟಿನಲ್ಲಿ ಎ.ಸಿ. ಹದಿನೆಂಟಕ್ಕೆ ಇಟ್ಟು ಮೇಲೆ ರಜಾಯಿ ಹೊದೆಯುವ ಜಾಣರು ನೀವು. ಹಿಮ ನೋಡಲು ಟಿಕೆಟ್ ತೆಗೆಸಿ ಹೋಗಿ, ಉಂಡೆ ಮಾಡಿ ಎಸೆದಾಡಿ ಬಂದಿರಿ. ನಮಗೆ ಪತ್ರ ಬರಲು ಇಪ್ಪತ್ತು ದಿನ ಬೇಕಿತ್ತು. ನಿಮ್ಮ ದೊಡ್ಡಣ್ಣ ಸೈನ್ಯ ಸೇರಿ ಅಂಥದೇ ಬೆಟ್ಟದ ಮೇಲಿದ್ದಾನೆ, ಆದರೂ ಭಾನುವಾರ ಬಂತೆಂದರೆ ಅವನ ಮುಖ ಫೋನಿನಲ್ಲಿ ಕಾಣುತ್ತದೆ. ‘ಈಗ ಬೂಟು ಬೇರೆ ಅಜ್ಜಿ, ದಿನಾ ಸಂಜೆ ಒಬ್ಬರ ಕಾಲು ಒಬ್ಬರು ನೋಡ್ತೇವೆ’ ಎನ್ನುತ್ತಾನೆ. ನನ್ನ ಸಮಾಧಾನಕ್ಕೆ ಪ್ರತಿ ವಾರ ಕಾಲು ತೋರಿಸುತ್ತಾನೆ, ನಾನು ಹತ್ತು ಬೆರಳು ಎಣಿಸುತ್ತೇನೆ, ನೀವು ಕಿಸಕ್ಕನೆ ನಗುತ್ತೀರಿ.

ಹೋದ ಭಾನುವಾರ ಅವನು ಕಾಲು ತೋರಿಸಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಎಂದ. ಮುಖ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು, ನಗುತ್ತಿದ್ದ. ಇವತ್ತು ಮತ್ತೆ ಭಾನುವಾರ. ನಾನು ಕೇಳಿದರೆ ಮಾತು ಮರೆಸುತ್ತಾನೆ, ನೀವು ಕೇಳಿದರೆ ಅವನಿಗೆ ಮರೆಸಲು ಆಗುವುದಿಲ್ಲ. ಫೋನು ಬಂದ ಕೂಡಲೇ ಕೇಳಿ, ತೋರಿಸುವ ತನಕ ಬಿಡಬೇಡಿ. ‘ಅಜ್ಜಿಗೆ ಹೇಳಬೇಡಿ’ ಎಂದು ಅವನೇನಾದರೂ ಅಂದರೆ, ಓಡಿ ಬಂದು ಹೇಳಿ.